ಗಲ್ಲಾಪೆಟ್ಟಿಗೆಗೆ ವಿಷ: 1938ರಲ್ಲಿ ಕ್ಯಾಥರೀನ್ ಹೆಪ್‌ಬರ್ನ್‌ಗೆ ಆಗಿದ್ದೇನು?

ನಮ್ಮ ಚಿಕ್ಕಮ್ಮ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಡಂ ಆಗಿ ರಿಟೈರ್ ಆದವರು. ಹಳೇ ಹಾಲಿವುಡ್ ಸಿನಿಮಾ ಅಂದರೆ ಸೀರಿಯಲ್ ಕೂಡ ಬಿಟ್ಟು ಕೂರುತ್ತಾರೆ. ಕಳೆದ ಮಳೆಗಾಲದಲ್ಲಿ ಅವರಿಗೆ ಕ್ಯಾಥರೀನ್ ಹೆಪ್‌ಬರ್ನ್ ನಟಿಸಿದ ‘ಮಾರ್ನಿಂಗ್ ಗ್ಲೋರಿ’ ಹಾಕಿಕೊಟ್ಟೆ. 1933ರ ಸಿನಿಮಾ, ಆಕೆಗೆ ಮೊದಲ ಆಸ್ಕರ್ ತಂದದ್ದು. ಚಿಕ್ಕಮ್ಮ ಇಪ್ಪತ್ತು ನಿಮಿಷ ಸುಮ್ನೆ ನೋಡಿದರು. ಆಮೇಲೆ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, “ಅಲ್ಲ ಕಣೋ, ಇವಳು ಉಸಿರು ಯಾವಾಗ ತಗೋತಾಳೆ?” ಎಂದರು. ಇನ್ನೈದು ನಿಮಿಷ ಬಿಟ್ಟು, “ಇಂಥವಳಿಗೆ ನಾಲ್ಕು ಆಸ್ಕರ್ ಕೊಟ್ರಾ?”

ಕೊಟ್ಟರು. 1933, 1967, 1968, 1981ರ ಸಿನಿಮಾಗಳಿಗೆ ನಾಲ್ಕು, ನಾಮನಿರ್ದೇಶನ 12. ನಟನೆಗೆ ನಾಲ್ಕು ಆಸ್ಕರ್ ಪಡೆದವರು ಇವತ್ತಿಗೂ ಬೇರೆ ಯಾರೂ ಇಲ್ಲ. ಆದರೆ ಚಿಕ್ಕಮ್ಮ ಕೇಳಿದ ಪ್ರಶ್ನೆ ಹೊಸದೇನಲ್ಲ. 1938ರ ಮೇ ತಿಂಗಳಲ್ಲಿ ಅಮೆರಿಕದ ಥಿಯೇಟರ್ ಮಾಲೀಕರು ಅದನ್ನೇ ದುಡ್ಡು ಕೊಟ್ಟು ಜಾಹೀರಾತು ಹಾಕಿಸಿ ಕೇಳಿದ್ದರು. ಮಾತು ಇನ್ನೂ ಒರಟಾಗಿತ್ತು, ಅಷ್ಟೇ.

ಆ ಜಾಹೀರಾತು, ಅದರ ಹಿಂದಿನ ಐದು ವರ್ಷ, ಮುಂದಿನ ಎರಡು ವರ್ಷ: ಈ ಪ್ರಕರಣ ಇಷ್ಟೇ. ಆಕೆಯ ಇಡೀ ಬದುಕು ಇಲ್ಲಿ ಬೇಕಾಗಿಲ್ಲ. ಆಕೆ 96 ವರ್ಷ ಬದುಕಿದರು, 2003ರವರೆಗೆ. ಅದನ್ನೆಲ್ಲ ಹೇಳುತ್ತಾ ಕೂತರೆ ಮುಗಿಯುವುದಿಲ್ಲ.

ಆ ದನಿ

ಹೆಪ್‌ಬರ್ನ್ ಹುಟ್ಟಿದ್ದು 1907ರಲ್ಲಿ, ಕನೆಕ್ಟಿಕಟ್ ರಾಜ್ಯದ ಹಾರ್ಟ್‌ಫರ್ಡ್‌ನಲ್ಲಿ. ತಂದೆ ಡಾಕ್ಟರ್. ತಾಯಿ ಹೆಂಗಸರ ಮತದಾನದ ಹಕ್ಕಿಗಾಗಿ, ಆಮೇಲೆ ಸಂತಾನ ನಿಯಂತ್ರಣಕ್ಕಾಗಿ ಬೀದಿಗಿಳಿದು ಹೋರಾಡಿದವರು. ಮಗಳು ಓದಿದ್ದು ಬ್ರಿನ್ ಮಾರ್ ಕಾಲೇಜಿನಲ್ಲಿ. ಅನುಕೂಲಸ್ಥರ ಮನೆ, ಎದುರು ಮಾತಾಡುವುದನ್ನು ಕಲಿಸಿದ ಮನೆ. ಅದೆಲ್ಲ ಆಕೆಯ ದನಿಯಲ್ಲೇ ಇತ್ತು. ಸ್ವಲ್ಪ ಮೂಗಿನಿಂದ ಬರುವ, ತಗಡಿನ ಹಾಗೆ ಕಣಕಣ ಅನ್ನುವ, ಸ್ವರಗಳನ್ನು ಎಳೆದೆಳೆದು ಬಿಡುವ ದೊಡ್ಡವರ ಮನೆಯ ಇಂಗ್ಲಿಷ್. ಹಳ್ಳಿ ಹುಡುಗಿಯ ಪಾತ್ರದ ಬಾಯಲ್ಲಿ ಬೆಂಗಳೂರಿನ ಕಾನ್ವೆಂಟ್ ಕನ್ನಡ ಕೇಳಿದರೆ ನಮಗೆ ಹೇಗಾಗುತ್ತೆ? ಹಾಗೆ. 1934ರ ‘ಸ್ಪಿಟ್‌ಫೈರ್’ನಲ್ಲಿ ಆಕೆಗೆ ಗುಡ್ಡಗಾಡಿನ, ಓದು ಬರಹ ಗೊತ್ತಿಲ್ಲದ ಹುಡುಗಿಯ ಪಾತ್ರವನ್ನೇ ಕೊಟ್ಟಿದ್ದರು. ಯಾರ ಐಡಿಯಾನೋ ಏನೋ.

ಇಷ್ಟಪಟ್ಟವರಿಗೆ ಇಷ್ಟವಾಗಿದ್ದೂ ಅದೇ ಗತ್ತು. ಆಕೆಯನ್ನು ಆರ್‌ಕೆಒ ಸ್ಟುಡಿಯೊ 1932ರಲ್ಲಿ ಕರೆಸಿಕೊಂಡಾಗ ನಿರ್ಮಾಪಕ ಡೇವಿಡ್ ಸೆಲ್ಜ್‌ನಿಕ್‌ಗೆ ಅನುಮಾನವಿತ್ತು. ನಿರ್ದೇಶಕ ಜಾರ್ಜ್ ಕ್ಯೂಕರ್ ಮಾತ್ರ ಸ್ಕ್ರೀನ್ ಟೆಸ್ಟಿನಲ್ಲಿ ಒಂದು ಸಣ್ಣ ಕ್ಷಣ ಗಮನಿಸಿದ್ದರು. ಕ್ಯಾಮೆರಾಗೆ ಬೆನ್ನು ಹಾಕಿ, ಬಗ್ಗಿ, ಕೈಯಲ್ಲಿದ್ದ ಗ್ಲಾಸನ್ನು ನೆಲದ ಮೇಲೆ ಇಡುತ್ತಾರೆ. ಅಷ್ಟೇ. ಮುಖ ಕಾಣಿಸುವುದಿಲ್ಲ, ಮಾತಿಲ್ಲ. ಅದರಲ್ಲೇ ಏನೋ ಭಾವ ಇತ್ತು ಅಂತ ಕ್ಯೂಕರ್ ಜೀವನವಿಡೀ ಹೇಳಿಕೊಂಡರು. ಮುಂದೆ ಇಬ್ಬರೂ ಹತ್ತಾರು ವರ್ಷ ಜೊತೆಯಲ್ಲಿ ಕೆಲಸ ಮಾಡಿದರು.

ಒಂದೇ ನಟಿ. ಒಬ್ಬರು ನೋಡಿದ್ದು ಗ್ಲಾಸ್ ಇಟ್ಟ ಬೆನ್ನನ್ನು, ಇನ್ನೊಬ್ಬರು ಕೇಳಿದ್ದು ಮೂಗಿನ ದನಿಯನ್ನು.

ಏರಿದ್ದು, ಜಾರಿದ್ದು

1933 ಆಕೆಯ ವರ್ಷ. ಆಸ್ಕರ್ ತಂದ ಸಿನಿಮಾ ಬಂತು, ಬೆನ್ನಿಗೇ ‘ಲಿಟಲ್ ವಿಮೆನ್’ ಬಂದು ಭರ್ಜರಿಯಾಗಿ ಓಡಿತು. ಅದಕ್ಕೆ ಮರುವರ್ಷ ವೆನಿಸ್ ಚಿತ್ರೋತ್ಸವದಲ್ಲೂ ಆಕೆಗೆ ಶ್ರೇಷ್ಠ ನಟಿ ಪ್ರಶಸ್ತಿ ಸಿಕ್ಕಿತು. ಸಿನಿಮಾ ಗೆದ್ದ ಉಮೇದಿನಲ್ಲಿ 1933ರ ಕೊನೆಗೆ ನ್ಯೂಯಾರ್ಕ್‌ಗೆ ಹೋಗಿ ‘ದಿ ಲೇಕ್’ ಎಂಬ ನಾಟಕ ಒಪ್ಪಿಕೊಂಡರು. ಅಲ್ಲಿ ಮರ್ಯಾದೆ ಹೋಯಿತು. 55 ಪ್ರದರ್ಶನಕ್ಕೆ ನಾಟಕ ಎತ್ತಂಗಡಿ. ಆಕೆ ಭಾವನೆಗಳ ಅಕ್ಷರಮಾಲೆಯನ್ನು ಎ ಇಂದ ಬಿ ತನಕ ಮಾತ್ರ ಓದಿದರು ಎಂಬ ಚುಚ್ಚುಮಾತು ಲೇಖಕಿ ಡೊರೊಥಿ ಪಾರ್ಕರ್ ಹೆಸರಲ್ಲಿ ಇಂದಿಗೂ ಓಡಾಡುತ್ತಿದೆ. ನಾವಾದರೆ ‘ಅ’ದಿಂದ ‘ಆ’ ತನಕ ಅನ್ನುತ್ತಿದ್ದೆವು. ಆ ನಾಟಕ ಊರೂರು ಸುತ್ತುವುದು ಬೇಡ ಅಂತ ಹೆಪ್‌ಬರ್ನ್ ನಿರ್ಮಾಪಕರಿಗೆ ತಮ್ಮ ಉಳಿತಾಯದ ದುಡ್ಡು ಕೊಟ್ಟು ಬಿಡಿಸಿಕೊಂಡರು.

ಆಮೇಲಿನ ಸಿನಿಮಾಗಳ ಪಟ್ಟಿ ಓದುವುದೇ ಬೇಜಾರು. ‘ದಿ ಲಿಟಲ್ ಮಿನಿಸ್ಟರ್’, ‘ಬ್ರೇಕ್ ಆಫ್ ಹಾರ್ಟ್ಸ್’, ‘ಮೇರಿ ಆಫ್ ಸ್ಕಾಟ್‌ಲೆಂಡ್’, ‘ಎ ವುಮನ್ ರೆಬೆಲ್ಸ್’, ‘ಕ್ವಾಲಿಟಿ ಸ್ಟ್ರೀಟ್’. ‘ಸಿಲ್ವಿಯಾ ಸ್ಕಾರ್ಲೆಟ್’ನಲ್ಲಿ ಆಕೆ ಸುಮಾರು ಹೊತ್ತು ಗಂಡುಹುಡುಗನ ವೇಷದಲ್ಲಿರುತ್ತಾರೆ. ಅದರ ಪ್ರಿವ್ಯೂನಲ್ಲಿ ಜನ ಎದ್ದು ಹೋದರಂತೆ. ಆಕೆ ಮತ್ತು ಕ್ಯೂಕರ್ ನಿರ್ಮಾಪಕರ ಹತ್ತಿರ ಹೋಗಿ, “ಇದನ್ನು ಬಿಟ್ಟುಬಿಡಿ, ಇನ್ನೊಂದು ಸಿನಿಮಾ ಪುಕ್ಕಟೆ ಮಾಡಿಕೊಡ್ತೀವಿ” ಎಂದರಂತೆ. ನಿರ್ಮಾಪಕರು, ನಿಮ್ಮಿಬ್ಬರ ಸಹವಾಸವೇ ಬೇಡ ಎಂದು ಕೈಮುಗಿದ ಕಥೆ ಹಾಲಿವುಡ್‌ನಲ್ಲಿ ಪ್ರಸಿದ್ಧ.

ಇಲ್ಲಿ ಒಂದು ಮಾತು ಹೇಳಲೇಬೇಕು. ಈಗ ಹೆಪ್‌ಬರ್ನ್ ದೊಡ್ಡ ಹೆಸರು, ಹಾಗಾಗಿ ಆಗಿನ ಪ್ರೇಕ್ಷಕರಿಗೆ ಬುದ್ಧಿ ಇರಲಿಲ್ಲ ಅಂದುಬಿಡುವುದು ಸುಲಭ. ನಾನು ಒಪ್ಪುವುದಿಲ್ಲ. ಈ ಸಿನಿಮಾಗಳಲ್ಲಿ ಎರಡನ್ನು ಕೂತು ನೋಡಿದ್ದೇನೆ. ‘ಕ್ವಾಲಿಟಿ ಸ್ಟ್ರೀಟ್’ನಲ್ಲಿ ಆಕೆಯ ಕೈ ಸುಮ್ಮನಿರುವುದಿಲ್ಲ, ಕಣ್ಣು ಸುಮ್ಮನಿರುವುದಿಲ್ಲ, ಗದ್ದ ನಡುಗುತ್ತದೆ. ನಮ್ಮ ಗಾಂಧಿ ಕ್ಲಾಸಿನಲ್ಲಿ ಕೂತವರು ಇದಕ್ಕೆ ಒಂದೇ ಪದ ಹೇಳುತ್ತಾರೆ, ಓವರ್ ಆಕ್ಟಿಂಗ್. ತಪ್ಪೇನಿಲ್ಲ.

ಕಾಲವೂ ಹಾಗಿತ್ತು. ಆರ್ಥಿಕ ಕುಸಿತದ ದಿನಗಳು. ಟಿಕೆಟ್ ಕೊಂಡು ಬರುವವರಲ್ಲಿ ಕೆಲಸ ಕಳೆದುಕೊಂಡವರು ಎಷ್ಟೋ ಜನ. ತೆರೆಯ ಮೇಲೆ ಸಿರಿವಂತರ ಮನೆಯ ಹುಡುಗಿ ಮೂಗೆತ್ತಿ ಮಾತಾಡಿದರೆ ಮೈ ಉರಿಯದೆ ಇರುತ್ತಾ? ಸಾಲದ್ದಕ್ಕೆ ಆಕೆ ಪತ್ರಕರ್ತರನ್ನು ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ, ಆಟೋಗ್ರಾಫ್ ಕೊಡುತ್ತಿರಲಿಲ್ಲ, ಎಲ್ಲೆಲ್ಲೂ ಪ್ಯಾಂಟ್ ಹಾಕಿಕೊಂಡು ತಿರುಗುತ್ತಿದ್ದರು. ಆಸ್ಕರ್ ತಗೊಳ್ಳಲು ಕೂಡ ಹೋಗಲಿಲ್ಲ. ಆ ಸಮಾರಂಭಕ್ಕೆ ಆಕೆ ಕಾಲಿಟ್ಟಿದ್ದು ಒಂದೇ ಸಲ, 1974ರಲ್ಲಿ, ಅದೂ ಬೇರೆಯವರಿಗೆ ಪ್ರಶಸ್ತಿ ಕೊಡಲು.

ಜಾಹೀರಾತು

ಥಿಯೇಟರ್ ಮಾಲೀಕರ ಸಿಟ್ಟಿಗೆ ಬೇರೆಯೇ ಒಂದು ಕಾರಣವಿತ್ತು. ಆಗ ದೊಡ್ಡ ಸ್ಟುಡಿಯೊಗಳು ಸಿನಿಮಾಗಳನ್ನು ಬಿಡಿಬಿಡಿಯಾಗಿ ಕೊಡುತ್ತಿರಲಿಲ್ಲ. ಕಟ್ಟು ಕಟ್ಟಿ ಮಾರುತ್ತಿದ್ದವು. ನಾಲ್ಕು ರಸಪೂರಿ ಬೇಕು ಅಂದರೆ ಬುಟ್ಟಿ ಪೂರ್ತಿ ತಗೋ, ತಳದಲ್ಲಿ ಕೊಳೆತದ್ದಿದ್ದರೆ ಅದು ನಿನ್ನ ಹಣೆಬರಹ. ಸ್ವಂತ ಥಿಯೇಟರ್ ಸರಣಿ ಇಲ್ಲದ ಸಣ್ಣ ಮಾಲೀಕರಿಗೆ ಬೇರೆ ದಾರಿ ಇರಲಿಲ್ಲ. ಈ ಪದ್ಧತಿಗೆ ಅಮೆರಿಕದ ಸುಪ್ರೀಂ ಕೋರ್ಟ್ ಬೀಗ ಹಾಕಿದ್ದು 1948ರಲ್ಲಿ.

ಹಾಗಾಗಿ ಹ್ಯಾರಿ ಬ್ರ್ಯಾಂಟ್ ಎಂಬುವರ ಮುಂದಾಳತ್ವದ ಸ್ವತಂತ್ರ ಥಿಯೇಟರ್ ಮಾಲೀಕರ ಸಂಘ ‘ಹಾಲಿವುಡ್ ರಿಪೋರ್ಟರ್’ ಪತ್ರಿಕೆಯಲ್ಲಿ ಜಾಹೀರಾತು ಹಾಕಿಸಿತು. ಸಾರಾಂಶ ಇಷ್ಟು: ಸ್ಟುಡಿಯೊಗಳು ಕೈತುಂಬ ಸಂಬಳ ಕೊಟ್ಟು ಸಾಕುತ್ತಿರುವ ಕೆಲವು ಸ್ಟಾರ್‌ಗಳು ನಮ್ಮ ಗಲ್ಲಾಪೆಟ್ಟಿಗೆಗೆ ವಿಷ. ಹೆಸರುಗಳಲ್ಲಿ ಹೆಪ್‌ಬರ್ನ್ ಒಬ್ಬರೇ ಇರಲಿಲ್ಲ. ಗ್ರೆಟಾ ಗಾರ್ಬೊ, ಜೋನ್ ಕ್ರಾಫರ್ಡ್, ಮಾರ್ಲೀನ್ ಡೀಟ್ರಿಕ್, ಮೇ ವೆಸ್ಟ್, ಕೊನೆಗೆ ಫ್ರೆಡ್ ಆಸ್ಟೇರ್ ಕೂಡ. ಈಗ ಆ ಪಟ್ಟಿ ನೋಡಿದರೆ ಆ ಕಾಲದ ಅತ್ಯುತ್ತಮರ ಪಟ್ಟಿ ಅನ್ನಿಸುತ್ತದೆ.

ಆದರೆ ಹೆಪ್‌ಬರ್ನ್‌ಗೆ ಪೆಟ್ಟು ಜೋರಾಗಿ ಬಿತ್ತು. ಮೂರು ತಿಂಗಳ ಹಿಂದಷ್ಟೇ ‘ಬ್ರಿಂಗಿಂಗ್ ಅಪ್ ಬೇಬಿ’ ಮಕಾಡೆ ಮಲಗಿತ್ತು. ನ್ಯೂಯಾರ್ಕ್‌ನ ರೇಡಿಯೊ ಸಿಟಿ ಮ್ಯೂಸಿಕ್ ಹಾಲ್‌ನಿಂದ ಒಂದೇ ವಾರಕ್ಕೆ ಎತ್ತಿದ್ದರು. ಆರ್‌ಕೆಒ ಆಕೆಗೆ ಮುಂದಿನ ಕೆಲಸ ಅಂತ ಕೊಟ್ಟಿದ್ದು ‘ಮದರ್ ಕೇರೀಸ್ ಚಿಕನ್ಸ್’ ಎಂಬ ಕಡಿಮೆ ಬಜೆಟ್ಟಿನ ಸಿನಿಮಾ. ನೀನಾಗೇ ಹೊರಡು ಅಂತ ಬಾಯಿಬಿಟ್ಟು ಹೇಳದೆ ಹೇಳುವ ರೀತಿ ಅದು. ಆಕೆ ಕೈಯಿಂದ ದುಡ್ಡು ಕಟ್ಟಿ ಕರಾರು ಬಿಡಿಸಿಕೊಂಡು ಹೊರಬಂದರು.

ಪ್ರತಿಭೆ ಇತ್ತೋ ಇಲ್ಲವೋ

ಈಗ ಆ ಐದು ವರ್ಷದಲ್ಲಿ ಯಾವುದು ಕೈಹಿಡಿಯಿತು, ಯಾವುದು ಹಿಡಿಯಲಿಲ್ಲ ನೋಡೋಣ. ನನಗೆ ಇಡೀ ಪ್ರಕರಣದ ಗಂಟು ಇಲ್ಲೇ ಇದೆ ಅನ್ನಿಸುತ್ತದೆ.

ಸೋಲುಗಳ ಸಾಲಿನ ಮಧ್ಯೆ 1935ರಲ್ಲಿ ‘ಆಲಿಸ್ ಆಡಮ್ಸ್’ ಚೆನ್ನಾಗಿ ಓಡಿತು, ಆಸ್ಕರ್ ನಾಮನಿರ್ದೇಶನವೂ ಬಂತು. ಆಲಿಸ್ ಸಣ್ಣ ಊರಿನ ಬಡ ಹುಡುಗಿ. ಪಾರ್ಟಿಗೆ ಹೋಗಬೇಕು, ಹೂಗುಚ್ಛಕ್ಕೆ ಕಾಸಿಲ್ಲ. ತಾನೇ ಹೋಗಿ ವೈಲೆಟ್ ಹೂ ಕಿತ್ತು ಕಟ್ಟಿಕೊಳ್ಳುತ್ತಾಳೆ. ಪಾರ್ಟಿ ಮುಗಿಯುವ ಮೊದಲೇ ಹೂ ಬಾಡುತ್ತದೆ, ಅದನ್ನು ಯಾರಿಗೂ ಕಾಣದ ಹಾಗೆ ಬಚ್ಚಿಡುತ್ತಾಳೆ. ಆಮೇಲೆ ಮೆಚ್ಚಿದ ಹುಡುಗನನ್ನು ಊಟಕ್ಕೆ ಕರೆಯುತ್ತಾಳೆ. ಸೆಕೆ ಅಂದರೆ ಸೆಕೆ. ಅಂಥ ರಾತ್ರಿಯಲ್ಲಿ ದೊಡ್ಡವರ ಮನೆಯ ಹಾಗೆ ತೋರಿಸಿಕೊಳ್ಳಲು ಬಿಸಿಬಿಸಿ ಭಾರಿ ಅಡುಗೆ. ಬಾಡಿಗೆಗೆ ತಂದ ಅಡುಗೆಯವಳು (ನಟಿ ಹ್ಯಾಟಿ ಮೆಕ್‌ಡ್ಯಾನಿಯಲ್) ತಲೆ ಮೇಲೆ ಜಾರುತ್ತಿರುವ ಟೋಪಿ ಇಟ್ಟುಕೊಂಡು ಬಡಿಸುತ್ತಾಳೆ. ಮನೆತುಂಬ ಬೆಂದ ಕೋಸಿನ ವಾಸನೆ. ಆಲಿಸ್ ಮಾತ್ರ ಮೂಗಿನ ದನಿಯಲ್ಲಿ, ಸ್ವರ ಎಳೆಯುತ್ತಾ, ಏನೂ ಆಗಿಲ್ಲವೆಂಬಂತೆ ಹರಟುತ್ತಾಳೆ.

ಗಮನಿಸಿ, ಇಲ್ಲೂ ಆಕೆ ಮಾಡುತ್ತಿರುವುದು ‘ಕ್ವಾಲಿಟಿ ಸ್ಟ್ರೀಟ್’ನಲ್ಲಿ ಮಾಡಿದ್ದನ್ನೇ. ಅದೇ ಗದ್ದ, ಅದೇ ಕೈ. ಆದರೆ ಇಲ್ಲಿ ಆ ಬಿನ್ನಾಣ ಆಲಿಸ್‌ಳದು. ಅದು ಸುಳ್ಳು ಅಂತ ಕಥೆಗೆ ಗೊತ್ತು, ನಮಗೂ ಗೊತ್ತು. ಕಿರಿಕಿರಿ ಆಗಬೇಕಾದ ಕಡೆ ಅಯ್ಯೋ ಪಾಪ ಅನ್ನಿಸುತ್ತದೆ.

1937ರ ‘ಸ್ಟೇಜ್ ಡೋರ್’ ಇನ್ನೂ ಮಜಾ. ಅದರಲ್ಲಿ ಆಕೆ ಶ್ರೀಮಂತರ ಮನೆಯಿಂದ ಬಂದ, ನಟನೆ ಬಾರದ ನಟಿ. ರಿಹರ್ಸಲ್‌ನಲ್ಲಿ ಮರದ ತುಂಡಿನ ಹಾಗೆ ನಿಂತು ಲಿಲ್ಲಿ ಹೂವಿನ ಬಗ್ಗೆ ಒಂದು ಮಾತು ಒಪ್ಪಿಸುತ್ತಾಳೆ. ಆ ಮಾತು ಎಲ್ಲಿಯದು ಗೊತ್ತಾ? ಮಣ್ಣುಮುಕ್ಕಿದ್ದ ‘ದಿ ಲೇಕ್’ ನಾಟಕದ್ದೇ! ಊರೆಲ್ಲ ಆಡಿಕೊಂಡು ನಕ್ಕಿದ್ದನ್ನು ತಾನೇ ಎತ್ತಿಕೊಂಡು ಬಂದು ತೆರೆಯ ಮೇಲೆ ಆಡಿ ತೋರಿಸಿದರು. ವಿಮರ್ಶಕರು ಹೊಗಳಿದರು. ಲಾಭ ಅಷ್ಟಕ್ಕಷ್ಟೇ.

ಇನ್ನು ‘ಬ್ರಿಂಗಿಂಗ್ ಅಪ್ ಬೇಬಿ’. ಅದರ ಶೂಟಿಂಗ್‌ನಲ್ಲಿ ಆದ ಒಂದು ಸಂಗತಿ ನನಗೆ ತುಂಬಾ ಇಷ್ಟ. ಆಕೆಗೆ ಕಾಮಿಡಿ ಹೊಸದು. ಮೊದಮೊದಲು ತಮಾಷೆ ಮಾಡುತ್ತಾ ತಾವೇ ನಗುತ್ತಿದ್ದರು, ಇದು ತಮಾಷೆ ನೋಡಿ ಅನ್ನುವ ಹಾಗೆ. ನಿರ್ದೇಶಕ ಹೊವರ್ಡ್ ಹಾಕ್ಸ್ ಹೇಳಿ ಹೇಳಿ ಸೋತರು. ಕೊನೆಗೆ ವಾಲ್ಟರ್ ಕ್ಯಾಟ್ಲೆಟ್ ಎಂಬ ಹಳೇ ರಂಗಭೂಮಿಯ ಹಾಸ್ಯನಟನನ್ನು ಕರೆಸಿ, ಆ ದೃಶ್ಯವನ್ನು ಆಡಿ ತೋರಿಸಲು ಹೇಳಿದರು. ಕ್ಯಾಟ್ಲೆಟ್ ಒಂಚೂರೂ ನಗದೆ, ಸಾವಿನ ಮನೆಯಲ್ಲಿ ನಿಂತವರಷ್ಟು ಗಂಭೀರವಾಗಿ ಆಡಿದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಹೆಪ್‌ಬರ್ನ್‌ಗೆ ತಟ್ಟನೆ ಹೊಳೆಯಿತು. ಈ ಮನುಷ್ಯನನ್ನು ಕಳಿಸಬೇಡಿ ಅಂತ ಹಠ ಹಿಡಿದರು. ಸಿನಿಮಾದಲ್ಲಿ ಊರಿನ ಪೊಲೀಸ್ ಅಧಿಕಾರಿಯಾಗಿ ಬರುವವರು ಅವರೇ.

ನಟನೆಯ ಲೆಕ್ಕದಲ್ಲಿ ಆ ಹೊತ್ತಿಗೆ ಅದು ಆಕೆಯ ಅತ್ಯುತ್ತಮ ಕೆಲಸ, ನನ್ನ ಪ್ರಕಾರ. 1990ರಲ್ಲಿ ಅಮೆರಿಕ ತನ್ನ ರಾಷ್ಟ್ರೀಯ ಸಿನಿಮಾ ಪಟ್ಟಿಗೆ ಅದನ್ನು ಸೇರಿಸಿಕೊಂಡಿತು. 1938ರಲ್ಲಿ ಆರ್‌ಕೆಒ ಕಂಡಿದ್ದು ಬರೀ ನಷ್ಟ. ಯಾಕೆ? ಅದರ ನಾಯಕಿ ಶ್ರೀಮಂತೆ, ಹಟಮಾರಿ, ಕಂಡವರ ಕಾರು ಓಡಿಸಿಕೊಂಡು ಹೋಗುವವಳು. ಅವಳಿಗೆ ಕೊನೆವರೆಗೂ ಯಾರೂ ಬುದ್ಧಿ ಕಲಿಸುವುದಿಲ್ಲ. ಅವಳೇ ಗೆಲ್ಲುತ್ತಾಳೆ.

ಜನರಿಗೆ ಬೇಕಾಗಿದ್ದದ್ದು ಏನು ಅಂತ ಈಗ ಊಹಿಸಬಹುದು, ಅಲ್ವಾ?

ಮುಖಕ್ಕೆ ಕೈ ಇಟ್ಟು ತಳ್ಳಿದ್ದು

ಹಾಲಿವುಡ್ ಬಿಟ್ಟ ಹೆಪ್‌ಬರ್ನ್ ಸಮುದ್ರದ ದಡದಲ್ಲಿದ್ದ ಮನೆಯವರ ಬಂಗಲೆಗೆ ಬಂದರು. ಅದೇ ಸೆಪ್ಟೆಂಬರ್ 21ಕ್ಕೆ ಬಂದ ಭಾರಿ ಚಂಡಮಾರುತ ಆ ಮನೆಯನ್ನೂ ಕೊಚ್ಚಿಕೊಂಡು ಹೋಯಿತು. ಮರಳಿನಲ್ಲಿ ಉಳಿದಿದ್ದ ಬಾತ್‌ಟಬ್ಬಿನಲ್ಲಿ ಕೂತ ಆಕೆಯ ಫೋಟೊ ಒಂದಿದೆ. ಮುಖದಲ್ಲಿ ಅಳು ಇಲ್ಲ.

ಆಗ ನಾಟಕಕಾರ ಫಿಲಿಪ್ ಬ್ಯಾರಿ ಆಕೆಯನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದದ್ದು ‘ದಿ ಫಿಲಡೆಲ್ಫಿಯಾ ಸ್ಟೋರಿ’. 1939ರ ಮಾರ್ಚ್ 28ರಂದು ನ್ಯೂಯಾರ್ಕ್‌ನ ಶೂಬರ್ಟ್ ಥಿಯೇಟರಿನಲ್ಲಿ ಶುರು. ಆಕೆ ಸಂಬಳ ತಗೊಳ್ಳಲಿಲ್ಲ, ಲಾಭದಲ್ಲಿ ಪಾಲು ಕೇಳಿದರು. ಆಗಿನ ಗೆಳೆಯ, ವಿಮಾನದ ಹುಚ್ಚಿನ ಕೋಟ್ಯಧಿಪತಿ ಹೊವರ್ಡ್ ಹ್ಯೂಸ್ ಅದರ ಸಿನಿಮಾ ಹಕ್ಕನ್ನು ಮೊದಲೇ ಕೊಂಡು ಆಕೆಯ ಕೈಗಿಟ್ಟರು. ಇದು ಮುಖ್ಯ. ನಾಟಕ 417 ಪ್ರದರ್ಶನ ಕಂಡಿತು. ಸ್ಟುಡಿಯೊಗಳಿಗೆ ಕಥೆ ಬೇಕು, ಆದರೆ ‘ವಿಷ’ ಬೇಡ. ಹಕ್ಕೇನೋ ವಿಷದ ಜೇಬಿನಲ್ಲೇ ಇತ್ತು. ಎಂಜಿಎಂ ಸ್ಟುಡಿಯೊದ ಮುಖ್ಯಸ್ಥ ಲೂಯಿ ಬಿ. ಮೇಯರ್ ಆಕೆಯ ಎದುರು ಕೂತು ಮಾತಾಡಲೇಬೇಕಾಯಿತು. ಆಕೆ ಹಕ್ಕು ಮಾರಿದರು, ಜೊತೆಗೆ ನಾಯಕಿ ನಾನೇ, ನಿರ್ದೇಶಕರು ಕ್ಯೂಕರ್ ಅಂತ ಪಟ್ಟು ಹಿಡಿದರು. ನಾಯಕರಾಗಿ ಕೇಳಿದ್ದು ಕ್ಲಾರ್ಕ್ ಗೇಬಲ್, ಸ್ಪೆನ್ಸರ್ ಟ್ರೇಸಿ. ಸಿಕ್ಕಿದ್ದು ಕ್ಯಾರಿ ಗ್ರಾಂಟ್, ಜೇಮ್ಸ್ ಸ್ಟೀವರ್ಟ್. ಪರವಾಗಿಲ್ಲ!

1940ರ ಆ ಸಿನಿಮಾದ ಮೊದಲ ದೃಶ್ಯ. ಒಂದು ಮಾತೂ ಇಲ್ಲ. ಗ್ರಾಂಟ್ ಸಿಟ್ಟಿನಿಂದ ಮನೆ ಬಿಟ್ಟು ಹೊರಟಿದ್ದಾನೆ. ಹೆಂಡತಿ ಹೆಪ್‌ಬರ್ನ್ ಅವನ ಗಾಲ್ಫ್ ಚೀಲ ಹೊತ್ತುಕೊಂಡು ಬಾಗಿಲಿಗೆ ಬರುತ್ತಾಳೆ. ಚೀಲ ಎಸೆಯುತ್ತಾಳೆ. ಒಂದು ಕೋಲು ಮಾತ್ರ ಕೈಯಲ್ಲಿ ಉಳಿಸಿಕೊಂಡು ಮೊಣಕಾಲಿಗೆ ಹಾಕಿ ಲಟಕ್ಕನೆ ಮುರಿದು ಬಿಸಾಡಿ ಒಳಗೆ ತಿರುಗುತ್ತಾಳೆ. ಅವನು ದಾಪುಗಾಲು ಹಾಕಿ ವಾಪಸ್ ಬರುತ್ತಾನೆ. ಮುಷ್ಟಿ ಎತ್ತುತ್ತಾನೆ, ತಡೆದುಕೊಳ್ಳುತ್ತಾನೆ. ಆಮೇಲೆ ಅಂಗೈಯನ್ನು ಅವಳ ಮುಖದ ಮೇಲಿಟ್ಟು ತಳ್ಳುತ್ತಾನೆ. ಅವಳು ಬೋರ್ಡಿನ ಹಾಗೆ ನೆಟ್ಟಗೆ ಹಿಂದಕ್ಕೆ ಬೀಳುತ್ತಾಳೆ.

ಚಿಕ್ಕಮ್ಮನಿಗೆ ಇದನ್ನು ತೋರಿಸಿದಾಗ ಜೋರಾಗಿ ನಕ್ಕರು. ನಕ್ಕು, “ಥೂ, ಹೆಂಡತಿ ಮೇಲೆ ಕೈ ಮಾಡ್ತಾನೆ, ನಾನ್ಯಾಕೆ ನಗ್ತಿದೀನಿ?” ಅಂತ ತಮ್ಮನ್ನೇ ಬೈದುಕೊಂಡರು.

ಐದು ವರ್ಷದಿಂದ ಆ ಮುಖವನ್ನು ಹಾಗೆ ತಳ್ಳಬೇಕು ಅಂತ ಕೈ ತುರಿಸುತ್ತಿದ್ದವರೇ 1940ರಲ್ಲಿ ಥಿಯೇಟರಿನಲ್ಲಿ ಕೂತಿದ್ದರು. ಮೊದಲ ನಿಮಿಷದಲ್ಲೇ ಆ ಆಸೆ ತೀರಿತು. ಮುಂದೆ ಇಡೀ ಕಥೆಯಲ್ಲಿ ಅಪ್ಪ, ಮಾಜಿ ಗಂಡ, ಮದುವೆ ಆಗಬೇಕಾದವನು, ಎಲ್ಲರೂ ಸರದಿಯಲ್ಲಿ ಅವಳಿಗೆ ಒಂದೇ ಮಾತು ಹೇಳುತ್ತಾರೆ. ನೀನು ದೇವತೆ, ನೀನು ಕಂಚಿನ ಬೊಂಬೆ, ನಿನಗೆ ಮನುಷ್ಯರ ತಪ್ಪು ಅರ್ಥವಾಗಲ್ಲ. ಒಬ್ಬರು ಹೊಗಳಿಕೆಯಾಗಿ, ಇನ್ನೊಬ್ಬರು ಬೈಗುಳವಾಗಿ. ಥಿಯೇಟರ್ ಮಾಲೀಕರ ದೂರನ್ನೇ ಸಂಭಾಷಣೆ ಮಾಡಿದ ಹಾಗಿದೆ. ಅವಳು ಕುಡಿದು ತಡವರಿಸುತ್ತಾಳೆ, ಅಳುತ್ತಾಳೆ, ಕರಗುತ್ತಾಳೆ. ದನಿ ಮಾತ್ರ ಅದೇ. ಹೆಪ್‌ಬರ್ನ್ ನಟನೆಯ ಶೈಲಿ ಬದಲಿಸಲಿಲ್ಲ. ಆ ಶೈಲಿಯ ಮೇಲಿದ್ದ ಆರೋಪವನ್ನೇ ಪಾತ್ರ ಮಾಡಿಕೊಂಡರು.

ಸಿನಿಮಾ ಭರ್ಜರಿಯಾಗಿ ಗೆದ್ದಿತು. ನ್ಯೂಯಾರ್ಕ್ ವಿಮರ್ಶಕರ ವಲಯ ಆಕೆಯನ್ನು ಆ ವರ್ಷದ ಶ್ರೇಷ್ಠ ನಟಿ ಎಂದಿತು. ಆಸ್ಕರ್ ಮಾತ್ರ ಜಿಂಜರ್ ರೋಜರ್ಸ್‌ಗೆ ಹೋಯಿತು, ‘ಸ್ಟೇಜ್ ಡೋರ್’ನಲ್ಲಿ ಹೆಪ್‌ಬರ್ನ್ ಜೊತೆ ರೂಮು ಹಂಚಿಕೊಂಡು ಅವಳ ಗತ್ತನ್ನು ಗೇಲಿ ಮಾಡುತ್ತಿದ್ದ ನಟಿಗೆ. ಅದೂ ಆರ್‌ಕೆಒ ಸಿನಿಮಾಕ್ಕೆ. ಹೆಪ್‌ಬರ್ನ್‌ಗೆ ಎರಡನೇ ಆಸ್ಕರ್ ಬರಲು ಮತ್ತೆ ಕಾಲು ಶತಮಾನ ಬೇಕಾಯಿತು.

ಕಾಫಿ ಉಕ್ಕಿದ್ದು

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸುತ್ತಾರೆ. ಬಿದ್ದಳು, ಎದ್ದಳು, ಗೆದ್ದಳು. ನನಗೆ ಮುಂದಿನ ಸಿನಿಮಾ ಜಾಸ್ತಿ ಕಾಡುತ್ತದೆ.

1942ರ ‘ವುಮನ್ ಆಫ್ ದಿ ಇಯರ್’. ಸ್ಪೆನ್ಸರ್ ಟ್ರೇಸಿ ಜೊತೆ ಮೊದಲನೆಯದು. ಆ ಜೋಡಿ ಒಟ್ಟು ಒಂಬತ್ತು ಸಿನಿಮಾ ಮಾಡಿತು. ಇದರಲ್ಲಿ ಆಕೆ ಹೆಸರಾಂತ ಪತ್ರಕರ್ತೆ, ಹಲವು ಭಾಷೆ ಬಲ್ಲವಳು, ಲೋಕದ ರಾಜಕೀಯವೆಲ್ಲ ನಾಲಿಗೆ ತುದಿಯಲ್ಲಿ. ಟ್ರೇಸಿ ಆಟೋಟದ ಸುದ್ದಿ ಬರೆಯುವವನು. ಪ್ರಿವ್ಯೂ ಆದಮೇಲೆ ಸಿನಿಮಾದ ಕೊನೆಯನ್ನು ಬದಲಾಯಿಸಿದರು. ಹೊಸ ಕೊನೆಯಲ್ಲಿ ಆಕೆ ಗಂಡನನ್ನು ಒಲಿಸಿಕೊಳ್ಳಲು ಬೆಳ್ಳಂಬೆಳಗ್ಗೆ ಅವನ ಅಡುಗೆಮನೆಗೆ ನುಗ್ಗಿ ತಿಂಡಿ ಮಾಡಲು ಹೊರಡುತ್ತಾಳೆ. ಬ್ರೆಡ್ಡು ಟೋಸ್ಟರಿನಿಂದ ಹಾರುತ್ತದೆ. ಕಾಫಿ ಉಕ್ಕುತ್ತದೆ. ವಾಫಲ್ ಹಿಟ್ಟು ಉಬ್ಬಿ ಉಬ್ಬಿ ಕಾವಲಿಯಿಂದ ಹೊರಗೆ ಬರುತ್ತದೆ. ಆಕೆ ಒಂದರಿಂದ ಇನ್ನೊಂದಕ್ಕೆ ಓಡುತ್ತಾಳೆ. ಟ್ರೇಸಿ ನಿಂತು ನೋಡುತ್ತಾನೆ.

ಗೆಲ್ಲುವ ಸೂತ್ರ ಈಗ ಸ್ಟುಡಿಯೊದವರಿಗೂ ಗೊತ್ತಾಗಿತ್ತು. ಮೊದಲು ಅವಳನ್ನು ಎತ್ತರಕ್ಕೆ ಏರಿಸು, ಆಮೇಲೆ ಎಲ್ಲರ ಮುಂದೆ ಇಳಿಸು. ‘ಫಿಲಡೆಲ್ಫಿಯಾ’ದಲ್ಲಿ ಆ ಆಟದ ಹಗ್ಗ ಹೆಪ್‌ಬರ್ನ್ ಕೈಯಲ್ಲೇ ಇತ್ತು. ಈ ಅಡುಗೆಮನೆಯಲ್ಲಿ ಬೇರೆ ಯಾರೋ ಎಳೆಯುತ್ತಿದ್ದಾರೆ ಅನ್ನಿಸುತ್ತದೆ. ಮಜಾ ಅಂದರೆ, ದೈಹಿಕ ಹಾಸ್ಯವಾಗಿ ಆ ದೃಶ್ಯ ಸೊಗಸಾಗಿದೆ. ಕ್ಯಾಟ್ಲೆಟ್ ಕಲಿಸಿದ ಪಾಠ ಅಲ್ಲಿ ಕಾಣುತ್ತದೆ. ಆಕೆ ಒಂದು ಸಲವೂ ನಗುವುದಿಲ್ಲ.

ಚಿಕ್ಕಮ್ಮನೂ ನಗಲಿಲ್ಲ. ಕಾಫಿ ಉಕ್ಕಿ ಸ್ಟೌ ಮೇಲೆಲ್ಲ ಹರಿಯುವಾಗ ಕುರ್ಚಿಯಲ್ಲಿ ಮುಂದಕ್ಕೆ ಸರಿದರು. “ಎದ್ದು ಆ ಒಲೆ ಆರಿಸಬಾರದಾ ಅವನು? ಸುಮ್ನೆ ನಿಂತು ನೋಡ್ತಾನಲ್ಲ!” ಎಂದರು.

ಆಮೇಲೆ, “ಆ ಮೊದಲನೇದು ಇನ್ನೊಂದ್ಸಲ ಹಾಕು, ಉಸಿರು ತಗೊಳ್ದೆ ಮಾತಾಡ್ತಾಳಲ್ಲ, ಅದು” ಅಂದರು.